ಖಾಲಿ ಡಬ್ಬಿ ಕಳಿಸಬ್ಯಾಡ್ರಿ

ಹೈದರಾಬಾದಿನ ಮಗಳ ಮನೆಯಿಂದ ಮೊನ್ನೆ ನನ್ನ ಸ್ಟೀಲ್ ಡಬ್ಬಿ ವಾಪಸು ಬಂತು. ಮುಚ್ಚಳದ ಮೇಲೆ ನಮ್ಮತ್ತೆಯ ಹೆಸರು, ಅದರ ಕೆಳಗೆ 1974 ಅಂತ ಚುಕ್ಕಿ ಚುಕ್ಕಿಯಾಗಿ ಕೊರೆದ ಡಬ್ಬಿ. ಭಾಂಡೆ ಅಂಗಡಿಯವನು ಆಗ ಅಕ್ಷರಕ್ಕೆ ಇಷ್ಟು ಅಂತ ದುಡ್ಡು ಕೇಳುತ್ತಿದ್ದನಂತೆ. ಅದಕ್ಕೇ ಅತ್ತೆ ತಮ್ಮ ಹೆಸರಿನ ಕೊನೆಯ ‘ಬಾಯಿ’ಯನ್ನು ಬಿಟ್ಟು ಬರೆಸಿದ್ದರು. ಶ್ರಾವಣದಲ್ಲಿ ಅದರ ತುಂಬ ಶೇಂಗಾ ಹಿಂಡಿ ತುಂಬಿ ಕಳಿಸಿದ್ದೆ. ಬಂದಾಗ ಒಳಗೆ ಎಂಟು ಉಸ್ಮಾನಿಯಾ ಬಿಸ್ಕೀಟು ಇದ್ದವು. ಎರಡು ಮುರಿದಿದ್ದವು.

ನಮ್ಮ ಕಡೆ ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದು ಮಾಡಿ ವಾಪಸು ಕೊಡುವುದಿಲ್ಲ. ಮಜ್ಜಿಗೆ ತಂದ ಚೊಂಬಿಗೆ ಒಂದು ಮುಷ್ಟಿ ಜೋಳ, ಹೋಳಿಗೆ ಬಂದ ತಾಟಿಗೆ ಒಂದು ಚಿಟಿಕೆ ಸಕ್ಕರೆ, ಏನೂ ಇಲ್ಲದಿದ್ದರೆ ಅಂಗಳದ ನಾಲ್ಕು ಮಲ್ಲಿಗೆ ಮೊಗ್ಗು. ವಾಡಿಯಲ್ಲಿ ನಮ್ಮ ಓಣಿ ಹಿಂದೂ ಮುಸಲ್ಮಾನರು ಗೋಡೆ ಹಂಚಿಕೊಂಡು ಇರುವ ಓಣಿ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ರಂಜಾನ್. ನಾನು ಬೇವು ತುಂಬಿ ಕೊಟ್ಟ ಬೋಗುಣಿ ಒಂದು ರಾತ್ರಿ ಪಕ್ಕದ ಮನೆಯಲ್ಲಿ ಮಲಗಿ, ಬೆಳಿಗ್ಗೆ ಶೀರ್‌ಖುರ್ಮಾ ತುಂಬಿಕೊಂಡು ಬಂತು. ಅದನ್ನು ನೋಡಿ ನಮ್ಮ ಮನೆಯವರು, “ಇದು ಭಾಳ ಫಾಸ್ಟ್ ಪ್ಯಾಸೆಂಜರ್” ಅಂದರು. ರೈಲ್ವೆಯಲ್ಲಿ ಇದ್ದವರು, ಅವರಿಗೆ ಎಲ್ಲವೂ ಗಾಡಿಯೇ.

ನಾನು ಅಕ್ಕೋರು. ಚಿತ್ತಾಪುರ, ಸೇಡಂ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ 34 ವರ್ಷ ಒಂದನೇ ಕ್ಲಾಸಿನಿಂದ ನಾಲ್ಕರವರೆಗೆ ಕಲಿಸಿದವಳು. ನನ್ನ ಹತ್ತಿರ ಅ ಆ ತಿದ್ದಿದ ಹುಡುಗ ಹುಡುಗಿಯರು ಈಗ ಬೆಂಗಳೂರು, ಪುಣೆ, ಹೈದರಾಬಾದು ಅಂತ ಹೋಗಿ ನಿಂತಿದ್ದೀರಿ. ಹಬ್ಬಕ್ಕೆ ಊರಿಗೆ ಬಂದಾಗ ಸ್ಟೇಷನ್ನಿನಲ್ಲಿ ಸಿಕ್ಕು ಕಾಲು ಮುಟ್ಟುತ್ತೀರಿ. “ಅಕ್ಕೋರ, ಮನ್ಯಾಗ ಅವ್ವ ಅಪ್ಪನ ಜೋಡಿ ಮಾತೇ ಹತ್ತಂಗಿಲ್ರೀ, ಏನ್ ಮಾತಾಡಬೇಕು ತಿಳಿಯಂಗಿಲ್ಲ” ಅಂತ ನಿಮ್ಮಲ್ಲಿ ಇಬ್ಬರು ಮೂವರು ಹೇಳಿದಿರಿ. ಗಾಡಿ ಬಂದುಬಿಟ್ಟಿತು, ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಮೂವರು ಮಕ್ಕಳನ್ನು ಬೆಳೆಸಿದ್ದೇನೆ, ಅವರು ಬೆಳೆದ ಮೇಲೆ ಅವರಿಂದ ನಾನೂ ಸ್ವಲ್ಪ ಬೆಳೆದಿದ್ದೇನೆ. ನನಗೆ ಗೊತ್ತಿರುವುದು ಅಷ್ಟೇ.

ಮೊದಲು ‘ಥ್ಯಾಂಕ್ಸ್’ ವಿಷಯ. ಫೋನಿನಲ್ಲಿ ನೀವು ಅವ್ವನಿಗೆ ಥ್ಯಾಂಕ್ಸ್ ಹೇಳುತ್ತೀರಿ. ತಪ್ಪಲ್ಲ, ಒಳ್ಳೆಯ ರೂಢಿಯೇ. ಆದರೆ ಅವ್ವ ಒಂದು ಗಳಿಗೆ ಸುಮ್ಮನಾಗುತ್ತಾಳೆ, ಗಮನಿಸಿದ್ದೀರಾ? ನಮ್ಮ ಕಿವಿಗೆ ಆ ಮಾತು ಅಂಗಡಿಯವನು ಖಾತೆಯ ಮೇಲೆ ಗೀಟು ಹಾಕಿ ‘ಚುಕ್ತಾ’ ಅಂದ ಹಾಗೆ ಕೇಳುತ್ತದೆ. ಮನೆಯೊಳಗಿನ ಲೆಕ್ಕ ಚುಕ್ತಾ ಆಗಬಾರದು ಅಂತಲೇ ನಾವು ಅದನ್ನು ಋಣ ಅಂತ ಕರೆದೆವು. ಸಾಲವಾದರೆ ತೀರಿಸಿ ಎದ್ದು ಹೋಗಬಹುದು. ಋಣ ಇದೆ ಅಂದರೆ ಇನ್ನೂ ಬರುವುದು ಹೋಗುವುದು ಇದೆ ಅಂತ.

ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿದೆ. ನನ್ನ ಹಿರಿಯ ಮಗ ಪುಣೆಯವನು ಅದನ್ನು ಆಡಿದ. ವಾಡಿ ಸ್ಟೇಷನ್ನಿನಲ್ಲಿ ಬೆಳಗಿನ ಜಾವ. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನ ದಾರಿ ಹಿಡಿದ ಮೇಲೆ ಹುಟ್ಟಿದ ಈ ಜಂಕ್ಷನ್ನಿನಿಂದ ಒಂದು ದಾರಿ ಮುಂಬೈಗೆ, ಒಂದು ರಾಯಚೂರು ಹಿಡಿದು ಮದ್ರಾಸಿಗೆ, ಒಂದು ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಹೈದರಾಬಾದಿಗೆ. ನಮ್ಮ ಮಕ್ಕಳು ಮೂರೂ ದಾರಿಗೆ ಹೋಗುತ್ತಾರೆ, ಕಳಿಸುವವರು ಒಂದೇ ಕಟ್ಟೆಯ ಮೇಲೆ ನಿಲ್ಲುತ್ತೇವೆ. ನಲವತ್ತು ಕಟಕ ರೊಟ್ಟಿ ಬಿಳಿ ಪಂಚೆಯಲ್ಲಿ ಕಟ್ಟಿ ತಂದಿದ್ದೆ. ಹಿಂದಿನ ರಾತ್ರಿ ಹನ್ನೊಂದರ ತನಕ ಬಡಿದದ್ದು. ಮಗ ಗಂಟನ್ನು ಕೈಯಲ್ಲಿ ತೂಗಿ ನೋಡಿ, “ಅಲ್ಲೂ ಎಲ್ಲಾ ಸಿಗ್ತದವ್ವಾ, ಯಾಕ ಸುಮ್ಮನ” ಅಂದ.

ಸಿಗುತ್ತದೆ. ನನಗೂ ಗೊತ್ತು. ಪುಣೆಯಲ್ಲಿ ಸೊಲ್ಲಾಪುರದ ರೊಟ್ಟಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ನಾನು ಏನೂ ಅನ್ನಲಿಲ್ಲ. ಗಂಟು ನನ್ನ ಜೊತೆ ಮನೆಗೆ ಬಂತು. ಆ ರೊಟ್ಟಿಗಳನ್ನು ನಾವಿಬ್ಬರೇ ಹದಿನೈದು ದಿನ ಮುರಿದು ತಿಂದೆವು. ಹದಿನೈದೂ ದಿನ ನಮ್ಮ ಮನೆಯವರು “ರೊಟ್ಟಿ ಭಾಳ ಛಲೋ ಆಗ್ಯಾವ” ಅಂತ ಹೇಳುತ್ತಲೇ ಇದ್ದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ರೊಟ್ಟಿಯನ್ನು ಹೊಗಳಿದ್ದು ಆಗ ಮಾತ್ರ.

ಅದಕ್ಕೇ ಹೇಳುವುದು, ತಮ್ಮಾ, ತಂಗೀ, ಗಂಟು ತಗೊಂಡು ಹೋಗ್ರಿ. ಭಾರ ಆದರೆ ಅಳತೆ ಹೇಳ್ರಿ. ನನ್ನ ಕಿರಿಯ ಸೊಸೆ ಚಿಂಚೋಳಿ ಕಡೆಯವಳು, ಅವಳ ಮಾತು ಕಲ್ಲಿನ ಮೇಲೆ ಗೀಟು ಹೊಡೆದಂತೆ. ಬಾಣಂತನಕ್ಕೆ ತವರಿಗೆ ಹೊರಟಾಗ ನಾನು ಕಟ್ಟಿದ ಉಂಡಿ ನೋಡಿ “ಅತ್ತಿ, ಅರ್ಧ ಸಾಕ್ರೀ, ಉಳದದ್ದು ಬೂಜು ಹಿಡೀತದ. ಮುಗದ ಮ್ಯಾಲ ಮತ್ತ ಕೇಳ್ತೀನಿ” ಅಂದಳು. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೇ ವಾರ ಫೋನ್ ಬಂತು: “ಅತ್ತಿ, ಉಂಡಿ ಮುಗದಾವ್ರೀ.” ಆ ಕ್ಷಣಕ್ಕೆ ಒಲೆ ಹೊತ್ತಿಸಿದೆ. ಬೇಡ ಅನ್ನುವುದಕ್ಕೂ ಅರ್ಧ ಸಾಕು ಅನ್ನುವುದಕ್ಕೂ ಎಷ್ಟು ಅಂತರ ನೋಡಿ.

ಕೇಳುವುದು ಅಂದೆ. ಅದೇ ನಾನು ಮುಖ್ಯವಾಗಿ ಹೇಳಬೇಕಾದದ್ದು.

ಮಗಳು ಆಗಾಗ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡುತ್ತಿದ್ದಳು. “ಅವ್ವಾ, ಹಿಂಡಿ ಕುಟ್ಟುವಾಗ ಬಳ್ಳೊಳ್ಳಿ ಎಷ್ಟು ಹಾಕ್ತಿದ್ದಿ?” “ಅವ್ವಾ, ಪುಂಡಿ ಪಲ್ಯಾಕ್ಕ ನುಚ್ಚು ಮೊದಲ ಹಾಕಬೇಕೋ ಆಮ್ಯಾಲೋ?” ನನಗೆ ಒಳಗೊಳಗೇ ಜಂಬ. ಇಂಜಿನಿಯರ್ ಆದರೇನಂತೆ, ಬಳ್ಳೊಳ್ಳಿಗೆ ಅವ್ವನೇ ಬೇಕು. ಶೇಂಗಾ ಕಮ್ಮನೆ ಹುರಿಯಬೇಕು, ಸಿಪ್ಪೆ ಪೂರ್ತಿ ತೆಗೆಯಬಾರದು, ಖಾರ ಕೊನೆಗೆ ಬೀಳಬೇಕು, ಎಣ್ಣೆ ಬಿಡುವ ಮುಂಚೆ ಕುಟ್ಟುವುದು ನಿಲ್ಲಿಸಬೇಕು. ಇದನ್ನೆಲ್ಲ ಪಾಠದ ಹಾಗೆ ಹೇಳುತ್ತಿದ್ದೆ, ಅವಳು ಹೂಂ ಹೂಂ ಅನ್ನುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಮೊಮ್ಮಗ ಬಂದಿದ್ದ. ನಾನು ಒರಳಿನ ಮುಂದೆ ಕೂತಿದ್ದಾಗ ಪಕ್ಕದಲ್ಲಿ ಫರ್ಸಿಯ ಮೇಲೆ ಬೋರಲು ಮಲಗಿ ಹೇಳಿದ: “ಆಯಿ, ಅಮ್ಮನ ಹಂತ್ಯಾಕ ಒಂದು ನೋಟ್‌ಬುಕ್ ಅದ. ಅದರಾಗ ಇದೆಲ್ಲಾ ಅದ. ನೀವೇ ಬರ್ದೀರಂತ.”

ಒನಕೆ ಕೈಯಲ್ಲೇ ನಿಂತಿತು. ನೆನಪಾಯಿತು. ಮಗಳು ಮದುವೆಯಾಗಿ ಹೊರಟಾಗ ಒಂದು ನೂರು ಪುಟದ ಉದ್ದ ನೋಟ್‌ಬುಕ್ಕಿನಲ್ಲಿ, ಶಾಲೆಯ ಕೆಂಪು ಪೆನ್ನಿನಲ್ಲಿ ಗೀಟು ಹೊಡೆದು, ಅಳತೆ ಸಮೇತ ಎಲ್ಲ ಬರೆದು ಕೊಟ್ಟಿದ್ದೆ. ಬಳ್ಳೊಳ್ಳಿ ಹದಿನೈದು ಎಸಳು ಅಂತ ನಾನೇ ಬರೆದದ್ದು. ಹನ್ನೆರಡು ವರ್ಷದಿಂದ ಅದು ಅವಳ ಅಡಿಗೆ ಮನೆಯಲ್ಲಿತ್ತು, ಹನ್ನೆರಡು ವರ್ಷದಿಂದ ಅವಳು ಕೇಳುತ್ತಲೂ ಇದ್ದಳು.

ಮೊದಲು ಸಿಟ್ಟು ಬಂತು, ಸುಳ್ಳು ಹೇಳಬಾರದು. ನನ್ನನ್ನು ಸಣ್ಣ ಕೂಸಿನ ಹಾಗೆ ರಮಿಸಿದಳಲ್ಲ ಅಂತ. ಆಮೇಲೆ ನಮ್ಮತ್ತೆ ನೆನಪಾದರು. ಕೊನೆಯ ವರ್ಷಗಳಲ್ಲಿ ಅವರಿಗೆ ಕಣ್ಣು ಮಂಜಾಗಿ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದರು. ನಾನು ಸಾರಿನ ಸೌಟು ಹಿಡಿದುಕೊಂಡು ಹೋಗಿ “ಅತ್ತಿ, ಉಪ್ಪು ನೋಡ್ರಿ” ಅನ್ನುತ್ತಿದ್ದೆ. ಇಪ್ಪತ್ತೈದು ವರ್ಷ ಅದೇ ಸಾರು ಮಾಡಿದ ನನಗೆ ಉಪ್ಪು ಗೊತ್ತಿರಲಿಲ್ಲವೇ? ಅವರು ಚಪ್ಪರಿಸಿ, ಸ್ವಲ್ಪ ಹೊತ್ತು ಯೋಚಿಸಿ, “ಇನ್ನೊಂದು ಹಳಕು” ಅನ್ನುತ್ತಿದ್ದರು. ನಾನು ಒಳಗೆ ಹೋಗಿ ಹಾಕುತ್ತಿರಲಿಲ್ಲ. ನನ್ನ ಮಗಳು ಆಗ ಅಡಿಗೆ ಮನೆಯ ಹೊಸ್ತಿಲ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದಳು. ಅವಳು ತಲೆ ಎತ್ತಿ ನೋಡಿದ್ದು ನನಗೆ ಆಗ ಕಾಣಲಿಲ್ಲ.

ಮಗಳಿಗೆ ಈ ಗುಟ್ಟು ಒಡೆದಿದೆ ಅಂತ ನಾನು ಇನ್ನೂ ಹೇಳಿಲ್ಲ. ಈಗಲೂ ಕೇಳುತ್ತಾಳೆ, ಈಗಲೂ ಹದಿನೈದು ಎಸಳು ಅನ್ನುತ್ತೇನೆ. ಒಮ್ಮೊಮ್ಮೆ ಬೇಕಂತಲೇ ಹನ್ನೆರಡು ಅಂದು ನೋಡುತ್ತೇನೆ.

ಕಿರಿಯ ಮಗನ ವಿಷಯ ಬರೆಯುವುದು ಅಷ್ಟು ಸುಲಭ ಅಲ್ಲ. ತಪ್ಪು ನನ್ನದು. 2013ರಲ್ಲಿ ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲು ಕೊಡುವ 371ಜೆ ಕಲಮು ಬಂದಾಗ ಪ್ರತಿ ಮನೆಯಲ್ಲೂ ಸರ್ಕಾರಿ ನೌಕರಿಯ ಕನಸು ಚಿಗುರಿತು. ಅವನೂ ಕಲಬುರಗಿಯಲ್ಲಿ ರೂಮು ಮಾಡಿ ಪರೀಕ್ಷೆ ಬರೆದ, ಮತ್ತೆ ಬರೆದ. ಎರಡು ಸಲ ಒಂದೆರಡು ಅಂಕದಲ್ಲಿ ಹೋಯಿತು. 28ನೇ ವಯಸ್ಸಿಗೆ ಹಾಸಿಗೆ ಸುತ್ತಿಕೊಂಡು ಬಂದು, “ನಾ ಒಕ್ಕಲತನ ಮಾಡ್ತೀನಿ” ಅಂದ. ಮಳಖೇಡದ ಆಚೆ ಕಾಗಿಣಾ ದಂಡೆಗೆ ನಮ್ಮ ಹಿರಿಯರ ಹೊಲ ಇದೆ. ಅಲ್ಲಿಯ ತನಕ ಪಾಲಿಗೆ ಕೊಟ್ಟಿದ್ದೆವು. ಊರಿನ ಮಕ್ಕಳಿಗೆಲ್ಲ ಕಲಿಸಿದ ಅಕ್ಕೋರ ಮಗ ಕುಂಟಿ ಹೊಡೆಯುತ್ತಾನಲ್ಲ ಅಂತ ನನಗೆ ಮುಜುಗರ. ಆ ವರ್ಷ ಅವನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಮಾತಾಡಿದಾಗ ಚುಚ್ಚಿಯೇ ಮಾತಾಡಿದೆ.

ಆಗಸ್ಟಿನ ಒಂದು ದಿನ ಬುತ್ತಿ ಹಿಡಿದುಕೊಂಡು ಹೊಲಕ್ಕೆ ಹೋದೆ. ತೊಗರಿ ಮೊಣಕಾಲುದ್ದ ಬಂದಿತ್ತು. ಅವನು ಸಾಲಿನಲ್ಲಿ ಬಗ್ಗಿಕೊಂಡು ಒಂದೊಂದೇ ಗಿಡದ ತುದಿ ಚಿವುಟುತ್ತ ಬರುತ್ತಿದ್ದ. ಬಿತ್ತಿದ 45–50 ದಿನಕ್ಕೆ ಹಾಗೆ ಕುಡಿ ಚಿವುಟಿದರೆ ಪಕ್ಕಕ್ಕೆ ಟೊಂಗೆ ಒಡೆದು ಕಾಯಿ ಜಾಸ್ತಿ ಹಿಡಿಯುತ್ತದೆ. ನಾನು ಬದುವಿನ ಮೇಲೆ ನಿಂತು ಹಳೆಯ ರಾಗವನ್ನೇ ತೆಗೆದೆ, ಯಾರ ಮಗ ಎಲ್ಲಿ ಪಿಡಿಒ ಆದ ಅಂತ. ಅವನು ಬೆನ್ನು ನೆಟ್ಟಗೆ ಮಾಡದೆಯೇ ಹೇಳಿದ: “ಅವ್ವಾ, ಕುಡಿ ಚಿವುಟಿದರ ಟೊಂಗಿ ಒಡೀತಾವ. ನೀ ಬುಡಾನೇ ಅಲುಗಾಡಸಲತ್ತೀದಿ.”

ಬುತ್ತಿ ಇಟ್ಟು ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ತೊಗರಿಯ ಸಾಲಿನ ನಡುವೆ ಹೆಸರು ಹಾಕುತ್ತೇವೆ. ಹೆಸರು ಎರಡೂವರೆ ತಿಂಗಳಿಗೆ ಕೈಗೆ ಬಂದು ಹಬ್ಬದ ಖರ್ಚಿಗೆ ಆಗುತ್ತದೆ. ತೊಗರಿ ಐದಾರು ತಿಂಗಳು ನೆಲದೊಳಗೆ ಬೇರು ಇಳಿಸಿಕೊಂಡು, ಮಳೆ ನಿಂತ ಮೇಲೂ ಹಸಿರಾಗಿ ನಿಂತಿರುತ್ತದೆ. ಹುಟ್ಟಿದಾಗಿನಿಂದ ಇದನ್ನು ನೋಡಿದ ನಾನು, ನನ್ನ ಮೂವರೂ ಮಕ್ಕಳಿಗೆ ಹೆಸರಿನ ಲೆಕ್ಕವನ್ನೇ ಹಾಕುತ್ತಿದ್ದೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಮಾನ್ಯತೆ ಸಿಕ್ಕಾಗ ಅವನು ಪೇಪರಿನ ತುಣುಕು ಕತ್ತರಿಸಿ ದೇವರ ಜಗಲಿಯ ಪಕ್ಕ ಅಂಟಿಸಿದ. ನಾನು ಕೀಳಲಿಲ್ಲ. ನಮ್ಮ ಮನೆಯಲ್ಲಿ ಅದು ನನ್ನ ಕ್ಷಮಾಪಣೆ. ಅವನಿಗೆ ಅರ್ಥ ಆಯಿತು ಅಂತ ಕಾಣುತ್ತದೆ.

ಮರುವರ್ಷ ಕೊರೋನಾ. ದೇಶದಲ್ಲೇ ಮೊದಲ ಸಾವು ನಮ್ಮ ಕಲಬುರಗಿಯಲ್ಲಿ ಆದದ್ದು, ಆ ಮಾರ್ಚ್ ತಿಂಗಳ ಭಯ ಮರೆಯುವಂಥದ್ದಲ್ಲ. ಹಿರಿಯ ಮಗ ಹೆಂಡತಿ ಸಮೇತ ಬಂದು ಏಳು ತಿಂಗಳು ಇಲ್ಲೇ ಉಳಿದ. ನಲವತ್ತು ರೊಟ್ಟಿ ಬೇಡ ಅಂದವನು! ಒಂದೇ ಮನೆಯಲ್ಲಿ ಮೂರು ಸಂಸಾರ, ಎರಡು ಲ್ಯಾಪ್‌ಟಾಪು, ಒಂದು ಬಚ್ಚಲು. ಜಗಳ ಆಗಲಿಲ್ಲ ಅಂದರೆ ನೀವು ನಂಬುವುದಿಲ್ಲ, ಆದವು. ಅಕ್ಟೋಬರಿನಲ್ಲಿ ಮಳೆ ಹುಚ್ಚು ಹಿಡಿದಂತೆ ಸುರಿದು ಕಾಗಿಣಾ ಉಕ್ಕಿತು. ನಮ್ಮ ಹೊಲದ ಕೆಳಗಿನ ಅರ್ಧ ನೀರಿನಡಿ ಹೋಯಿತು. ಹಿರಿಯವನು ಫೋನ್ ತೆಗೆದು, “ಎಷ್ಟು ಬೇಕು ಹೇಳೋ, ಈಗೇ ಹಾಕ್ತೀನಿ” ಅಂದ. ಕಿರಿಯವನು, “ರೊಕ್ಕ ಬ್ಯಾಡಣ್ಣಾ, ಬಂದು ಬಾಜೂಕ ನಿಂದ್ರು” ಅಂದ. ಇಬ್ಬರೂ ಮೊಣಕಾಲು ಕೆಸರಿನಲ್ಲಿ ನಿಂತು ಸಂಜೆಯ ತನಕ ಬದು ಕಡಿದು ನೀರು ಹೊರಹಾಕಿದರು. ಬೆಳೆ ಉಳಿಯಲಿಲ್ಲ. ಆದರೆ ಆ ದಿನದಿಂದ ಹಿರಿಯವನು ವಾರಕ್ಕೊಮ್ಮೆ ತಮ್ಮನಿಗೆ ಫೋನ್ ಮಾಡುತ್ತಾನೆ. ಏನು ಮಾತಾಡುತ್ತಾರೋ, ನಾನು ಕೇಳುವುದಿಲ್ಲ. ಕೇಳಬೇಕು ಅನಿಸುತ್ತದೆ, ಕೇಳುವುದಿಲ್ಲ.

ನಂಬಿಕೆಯ ಬಗ್ಗೆ ಒಂದು ಮಾತು. ನಾನು ಸಂಜೆ ದೀಪ ಹಚ್ಚುವವಳು, ಹಿರಿಯ ಮಗ ದೇವರಿಲ್ಲ ಅನ್ನುವವನು. ಎಷ್ಟೋ ವರ್ಷ ಊಟದ ತಾಟಿನ ಮುಂದೆಯೇ ವಾದ ಮಾಡಿ ಅನ್ನ ಆರಿಸಿಕೊಂಡಿದ್ದೇವೆ. ಸನ್ನತಿಯ ಚಂದ್ರಲಾಂಬೆ ನಮ್ಮ ಮನೆ ದೇವರು. ಹೋದ ವರ್ಷ ಅವನೇ ಕಾರು ತಂದು, “ನಡಿ, ಕರಕೊಂಡು ಹೋಗ್ತೀನಿ. ನೀ ಗುಡಿಗೆ ಹೋಗು, ನಾ ಸ್ತೂಪಕ್ಕ ಹೋಗ್ತೀನಿ” ಅಂದ. ಭೀಮಾ ದಂಡೆಯ ಆ ಊರಿನ ಪಕ್ಕ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದು ತೆಗೆದ ಬೌದ್ಧ ಸ್ತೂಪ ಇದೆ, ‘ರಾಯ ಅಸೋಕೋ’ ಅಂತ ಹೆಸರು ಕೊರೆದ ಅಶೋಕನ ಉಬ್ಬುಶಿಲ್ಪ ಸಿಕ್ಕಿದ್ದು ಅಲ್ಲೇ. ಉಡಿ ತುಂಬಿ ಮುಗಿಸಿ ನಾನೂ ಅವನ ಹಿಂದೆ ಹೋದೆ. ನಮ್ಮ ಸುಣ್ಣಕಲ್ಲಿನ ಚಪ್ಪಡಿಗಳು. ನಮ್ಮ ಮಾವ ಶಹಾಬಾದಿನ ಫರ್ಸಿ ಖಣಿಯಲ್ಲಿ ಕಲ್ಲು ಸೀಳಿದವರು, ಇದ್ದಿದ್ದರೆ ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಅಲ್ಲಿಯ ಕಲ್ಲುಗಳ ಮೇಲೆ ಬ್ರಾಹ್ಮಿ ಅಕ್ಷರದಲ್ಲಿ, ಪ್ರಾಕೃತದಲ್ಲಿ, ದಾನ ಕೊಟ್ಟವರ ಹೆಸರುಗಳಿವೆ ಅಂತ ಮಗ ಹೇಳಿದ. ರಾಜರಷ್ಟೇ ಅಲ್ಲ, ಸಂಸಾರಸ್ಥರು, ಭಿಕ್ಕುಗಳು, ಹೆಂಗಸರು. ನನಗೆ ತಟ್ಟನೆ ಅತ್ತೆಯ ಡಬ್ಬಿ ನೆನಪಾಯಿತು. ಅಲ್ಲಿಯೂ ಅಕ್ಷರಕ್ಕೆ ಇಷ್ಟು ಅಂತ ಇತ್ತೇನೋ ಅಂದೆ. ಅವನು ಗೊಳ್ಳೆಂದು ನಕ್ಕ.

ಆಮೇಲೆ ಅವನು ಹೇಳಿದ್ದು ನನಗೆ ಗೊತ್ತಿರಲಿಲ್ಲ. 1986ರಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಕಾ ಗುಡಿಯ ಛಾವಣಿ ಕುಸಿದು ಮೂರ್ತಿ ಒಡೆಯಿತು. ತೆಗೆದು ನೋಡಿದರೆ, ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲೇ ಅಶೋಕನ ಶಾಸನ. ನಡುವೆ ತೂತು ಕೊರೆದು ಮೂರ್ತಿ ಕೂಡಿಸಿದ್ದರು. ಅದರಲ್ಲಿರುವ ಶಾಸನಗಳಲ್ಲಿ ಒಂದು, ತನ್ನ ಮತವನ್ನೇ ಹೊಗಳಿಕೊಂಡು ಇನ್ನೊಬ್ಬರದನ್ನು ಹಳಿಯಬಾರದು, ನಾಲಿಗೆ ಹಿಡಿತದಲ್ಲಿರಬೇಕು ಅನ್ನುವ ಅರ್ಥದ್ದು. ನಮ್ಮವರು ತಲೆತಲಾಂತರದಿಂದ ಆ ಮಾತಿನ ಮೇಲೆಯೇ ದೇವಿಯನ್ನು ನಿಲ್ಲಿಸಿ ಕೈ ಮುಗಿದಿದ್ದಾರೆ, ಓದಲು ಬರದೆ. ವಾಪಸು ಬರುವಾಗ ನಾಲವಾರದ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ನಾನು ದೇವಿಯ ಕುಂಕುಮದ ಪೊಟ್ಟಣ ಅವನ ಮುಂದೆ ಹಿಡಿದೆ. ಹಣೆಗೆ ಹಚ್ಚಲಿಲ್ಲ. ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟುಕೊಂಡ. ಈಗಲೂ ಅಲ್ಲೇ ಇದೆ, ಸೊಸೆ ಹೇಳಿದಳು.

ಅಪ್ಪಂದಿರ ವಿಷಯ ಕೇಳಬೇಡಿ, ಅವರದು ಬೇರೆ ಲಿಪಿ. ನಮ್ಮ ಮನೆಯವರು ಮಕ್ಕಳು ಹೊರಟ ದಿನ ಫೋನಿನಲ್ಲಿ ಕೇಳುವುದು ಒಂದೇ: “ಗಾಡಿ ಎಲ್ಲಿಗಿ ಬಂತು?” ತಾಂಡೂರು ಅಂದರೆ ಹೂಂ. ವಿಕಾರಾಬಾದ್ ಅಂದರೆ ಹೂಂ. ಸಿಕಂದರಾಬಾದ್ ಅಂದಮೇಲೆ ಮಲಗುತ್ತಾರೆ. ಮಗಳು ಮೊದಮೊದಲು “ಮೊಬೈಲ್‌ನ್ಯಾಗ ನೋಡ್ರಿ ಅಪ್ಪಾ, ಎಲ್ಲಾ ಬರ್ತದ” ಅಂತ ಸಿಡುಕುತ್ತಿದ್ದಳು. ಈಗ ಅವರು ಕೇಳುವ ಮುಂಚೆ ಅವಳೇ ಸ್ಟೇಷನ್ನಿನ ಹೆಸರು ಹೇಳುತ್ತಾಳೆ. ನೀವೂ ಹೇಳ್ರಿ. ಎರಡು ನಿಮಿಷದ ಕೆಲಸ.

ವರ್ಷಕ್ಕೊಂದು ಸಲ ಊರಿಗೆ ಬರಲು ಸಾಧ್ಯ ಅಂದರೆ ದೀಪಾವಳಿಗೆ ಬರಬೇಡಿ, ಆಗ ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಳ್ಳಮಾವಾಸ್ಯೆಗೆ ಬನ್ನಿ. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಎಡೆ ಹಿಡಿದು, ಬೆಳೆದು ನಿಂತ ಬೆಳೆಯ ಸುತ್ತ ಚರಗ ಚೆಲ್ಲುತ್ತೇವೆ. ಉಂಡವರೇ ನೆಲಕ್ಕೆ ಉಣಿಸುವ ದಿನ ಅದು. ಅರಳಗುಂಡಗಿಯ ಶರಣಬಸಪ್ಪ ಹೊಲದ ಹಕ್ಕಿಗಳನ್ನು ಓಡಿಸುವ ಬದಲು ಅವಕ್ಕೆ ನೀರಿಟ್ಟ ಅಂತ ಕಥೆ ಹೇಳುತ್ತ ನಮ್ಮವ್ವ ಒಂದು ಹಿಡಿ ಹೆಚ್ಚೇ ಚೆಲ್ಲುತ್ತಿದ್ದಳು. ಹೋದ ಸಲ ನನ್ನ ಮೂವರೂ ಬಂದಿದ್ದರು. ದೇವರಿಲ್ಲ ಅನ್ನುವವನೇ ಬುಟ್ಟಿ ಹೊತ್ತ. ಕಿರಿಯವನು ಮುಂದೆ ನಡೆದು ಸಾಲು ತೋರಿಸಿದ. ನಾನು ಬನ್ನಿ ಗಿಡದ ನೆರಳಿಗೆ ಕೂತೆ, ಮೊಣಕಾಲು ನೋವು. “ಅವ್ವಾ, ಭಜ್ಜಿ ಸಾಲಂಗಿಲ್ಲ, ಇನ್ನಷ್ಟು ಮಾಡಬೇಕಿತ್ತು” ಅಂತ ಮಗಳು ಅಲ್ಲಿಂದಲೇ ಕೂಗಿದಳು. ಬೋಗುಣಿ ಅರ್ಧ ತುಂಬಿತ್ತು, ನನಗೆ ಇಲ್ಲಿಂದಲೇ ಕಾಣುತ್ತಿತ್ತು.

ಮುರಿದ ಎರಡು ಬಿಸ್ಕೀಟು ನಾವಿಬ್ಬರೂ ಚಹಾದಲ್ಲಿ ಅದ್ದಿ ತಿಂದೆವು. ಉಳಿದ ಆರನ್ನು ಬೇರೆ ಡಬ್ಬಿಗೆ ಹಾಕಿದ್ದೇನೆ. ಅತ್ತೆಯ ಡಬ್ಬಿ ತೊಳೆದು ಬಿಸಿಲಿಗೆ ಇಟ್ಟಿದೆ. ಶೇಂಗಾ ಎರಡು ಸೇರು ತರಿಸಿದ್ದೇನೆ, ಬಳ್ಳೊಳ್ಳಿ ಮನೆಯಲ್ಲೇ ಇದೆ. ಮಗಳ ಫೋನು ಇನ್ನೂ ಬಂದಿಲ್ಲ. ಎಂಟಕ್ಕೆ ಬರುತ್ತದೆ.